ಕಿವಿ ಸೋರುತ್ತದೆಂದು ಈಜು ಬಿಡಿಸಬೇಕೇ?

ಪ್ರಶ್ನೆ: ನಮ್ಮದು ಬನಹಟ್ಟಿ. ಮನೆಯಲ್ಲೇ ಮಗ್ಗಗಳಿವೆ. ಮಗಳಿಗೆ ಹನ್ನೊಂದು ವರ್ಷ. ಜಮಖಂಡಿ ಕಡೆ ಅವಳ ಅಜ್ಜನ ತೋಟದ ಬಾವಿಯಲ್ಲಿ ಸಣ್ಣವಳಿದ್ದಾಗಲೇ ಈಸಲು ಕಲಿತಳು. ಈಗ ರಜೆ ಬಂತೆಂದರೆ ಬೆಳಗಾವಿಯ ಸೋದರಮಾವನ ಮನೆಯಲ್ಲಿದ್ದು ಈಜುಕೊಳದಲ್ಲಿ ತರಬೇತಿ ಪಡೆಯುತ್ತಾಳೆ, ಸ್ಪರ್ಧೆಗಳಿಗೂ ಹೋಗುತ್ತಾಳೆ. ಊರಲ್ಲಿದ್ದಾಗ ಬಾವಿಯಲ್ಲೇ ಅಭ್ಯಾಸ. ಒಂದೂವರೆ ವರ್ಷದಿಂದ ಕಿವಿನೋವು ಬಿಟ್ಟೂ ಬಿಡದೆ ಕಾಡುತ್ತಿದೆ. ಒಮ್ಮೊಮ್ಮೆ ಬರೀ ತುರಿಕೆ, ಒಮ್ಮೊಮ್ಮೆ ಸೋರುತ್ತದೆ. ಔಷಧದ ಅಂಗಡಿಯಿಂದ ತಂದ ಹನಿ ಹಾಕಿದರೆ ಕಡಿಮೆಯಾಗುತ್ತದೆ, ಮತ್ತೆ ನೀರಿಗಿಳಿದರೆ ಮತ್ತೆ ಶುರು. ನಮ್ಮ ಅತ್ತೆಯವರು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಾರೆ. ‘ನಾಳೆ ಹುಡುಗಿ ಕಿವಿ ಕೆಟ್ಟು ಕೂತ್ರ ಹೆಂಗ? ಈಸೋದು ಸಾಕು ಮಾಡ್ರಿ’ ಅನ್ನುತ್ತಾರೆ. ಈಜು ನಿಲ್ಲಿಸಲೇಬೇಕೇ?
– ಒಬ್ಬ ತಾಯಿ, ಬನಹಟ್ಟಿ

ಉತ್ತರ: ಈಜು ಬಿಡಿಸುವ ಅಗತ್ಯ ಬಹುಮಟ್ಟಿಗೆ ಬರಲಾರದು. ಆದರೆ ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ಇವತ್ತೇ ನಿಲ್ಲಿಸಬೇಕು. ಒಂದೂವರೆ ವರ್ಷದಲ್ಲಿ ಮಗುವಿನ ಕಿವಿಗೆ ಹನಿ ಬಿತ್ತು, ಎಣ್ಣೆ ಬಿತ್ತು. ಯಾರಾದರೂ ಬೆಳಕು ಹಿಡಿದು ಒಳಗೆ ನೋಡಿದರೆಂಬ ಮಾತು ಮಾತ್ರ ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ನೋವು ಮರಳಿ ಮರಳಿ ಬರುತ್ತಿರುವುದಕ್ಕೆ ನೀರಿಗಿಂತ ಇದೇ ದೊಡ್ಡ ಕಾರಣ ಇರಬಹುದು.

ಈಜುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಹೊರಕಿವಿಯ ಸೋಂಕು. ಕಿವಿಯ ತೂತಿನಿಂದ ತಮಟೆಯವರೆಗೆ ಒಂದು ಸಣ್ಣ ಕೊಳವೆ ಇದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಮಕ್ಕಳಲ್ಲಿ ಇನ್ನೂ ಕಡಿಮೆ. ಒಳತುದಿ ಮುಚ್ಚಿರುವ ಈ ಕೊಳವೆಗೆ ನೀರು ಹೊಕ್ಕರೆ ಬಂದ ದಾರಿಯಲ್ಲೇ ಹೊರಬರಬೇಕು. ದೇವರು ಕೊಟ್ಟ ಕಾವಲೊಂದು ಅಲ್ಲಿದೆ: ಗುಗ್ಗೆ. ನಾವು ಹೊಲಸು ಎಂದು ಕೆರೆದು ತೆಗೆಯುವ ಆ ಗುಗ್ಗೆ ನೀರನ್ನು ಚರ್ಮಕ್ಕೆ ಅಂಟಗೊಡುವುದಿಲ್ಲ. ಅದಕ್ಕೆ ಸ್ವಲ್ಪ ಹುಳಿಗುಣವಿದೆ, ಆ ಹುಳಿಯಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ದಿನವೂ ಗಂಟೆಗಟ್ಟಲೆ ನೀರಿನಲ್ಲಿರುವ ಮಗುವಿನ ಕಿವಿಯಲ್ಲಿ ಗುಗ್ಗೆ ತೊಳೆದು ಹೋಗುತ್ತದೆ, ಒಳಚರ್ಮ ನೆನೆದು ಮೆತ್ತಗಾಗುತ್ತದೆ, ತುರಿಸುತ್ತದೆ. ತುರಿಕೆಗೆ ಮಗು ಬೆರಳು ಹಾಕುತ್ತದೆ, ನಾವು ಕಿವಿಕಡ್ಡಿ ಹಾಕುತ್ತೇವೆ. ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಸ್ಯೂಡೋಮೊನಾಸ್, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳಿಗೆ ಅಷ್ಟು ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಸಿ, ತೇವದ ನಾಡುಗಳಿಗೆ ಬಂದ ಸೈನಿಕರಿಗೆ ಇದೇ ಕಾಯಿಲೆ ಎಷ್ಟು ಕಾಡಿತೆಂದರೆ ಅವರು ಇದನ್ನು ‘ಸಿಂಗಾಪುರ ಕಿವಿ’ ಎಂದೇ ಕರೆದರು.

ಇದನ್ನು ಗುರುತಿಸುವ ಒಂದು ಉಪಾಯ ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಕಿವಿಯ ತೂತಿನ ಮುಂದೆ, ಕೆನ್ನೆಗೆ ಹತ್ತಿಕೊಂಡಂತೆ ಒಂದು ಸಣ್ಣ ಗಟ್ಟಿ ತುಣುಕಿದೆಯಲ್ಲ, ಅದನ್ನು ಮೆಲ್ಲಗೆ ಒತ್ತಿ. ಆಮೇಲೆ ಹಾಲೆಯನ್ನು ಹಿಡಿದು ಹಗುರವಾಗಿ ಎಳೆಯಿರಿ. ಮಗು ‘ಯವ್ವಾ’ ಎಂದು ನಿಮ್ಮ ಕೈ ತಳ್ಳಿದರೆ ತೊಂದರೆ ಹೊರಕಿವಿಯಲ್ಲಿರುವ ಸಾಧ್ಯತೆ ಹೆಚ್ಚು. ಅಗಿಯುವಾಗ ನೋವು, ಕಿವಿ ತುಂಬಿಕೊಂಡ ಹಾಗೆ ಅನಿಸುವುದು, ತೆಳ್ಳಗೆ ಸೋರುವುದು ಇದರ ಜೊತೆಗಿನ ಲಕ್ಷಣಗಳು.

ಎರಡನೆಯದು ಶಿಲೀಂಧ್ರದ ಸೋಂಕು, ಅಂದರೆ ಕಿವಿಯಲ್ಲಿ ಬೂಸು ಬೆಳೆಯುವುದು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಬಂದ ಅನುಮಾನವೇ ಇದು. ಇದರಲ್ಲಿ ನೋವಿಗಿಂತ ತುರಿಕೆ ಜಾಸ್ತಿ. ಕಿವಿಯೊಳಗೆ ನೋಡುವ ಆಟೋಸ್ಕೋಪ್ ಇಟ್ಟು ನೋಡಿದರೆ ಒದ್ದೆಯಾದ ಸುದ್ದಿಪತ್ರಿಕೆಯ ಮುದ್ದೆಯಂಥದ್ದು ಕಾಣುತ್ತದೆ, ಅದರ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಆ್ಯಸ್ಪರ್ಜಿಲಸ್ ಜಾತಿಯ ಬೂಸಿನ ಬೀಜಕಣಗಳು ಅವು. ಒಮ್ಮೆ ನೋಡಿದವರು ಮರೆಯುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಹನಿಯನ್ನು ತಿಂಗಳುಗಟ್ಟಲೆ ಹಾಕಿದ ಕಿವಿಯಲ್ಲಿ ಬೂಸಿಗೆ ಎದುರಾಳಿಯೇ ಇರುವುದಿಲ್ಲ. ಅದರ ಮೇಲೆ ತೇವ, ತೇವದ ಮೇಲೆ ಎಣ್ಣೆ. ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ, ಉರಿ ನಾಲ್ಕು ದಿನ ತಗ್ಗುತ್ತದೆ, ಗುಣವಾಯಿತೆಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಒಳಗೆ ಬೂಸು ಹಾಗೇ ಇರುತ್ತದೆ. ‘ಹಾಕಿದರೆ ಕಡಿಮೆ, ಬಿಟ್ಟರೆ ಮತ್ತೆ’ ಎಂದು ನೀವು ಬರೆದದ್ದು ಇದಕ್ಕೆ ಹೊಂದುತ್ತದೆ. ಇದಕ್ಕೆ ಬೇಕಾದದ್ದು ಆ ಮುದ್ದೆಯನ್ನು ವೈದ್ಯರೇ ಹೀರಿ ತೆಗೆಯುವುದು, ಅನಂತರ ಕ್ಲೋಟ್ರಿಮಜೋಲ್‌ನಂಥ ಬೂಸುನಾಶಕ ಹನಿಯನ್ನು ಹೇಳಿದಷ್ಟು ದಿನ ಬಿಡದೆ ಹಾಕುವುದು. ಮುದ್ದೆ ತೆಗೆಯದೆ ಎಷ್ಟು ಹನಿ ಸುರಿದರೂ ಮೇಲಿನಿಂದಲೇ ಹರಿದು ಹೋಗುತ್ತದೆ.

ಮೂರನೆಯದು ತಮಟೆಯ ಆಚೆಗಿನ ನಡುಕಿವಿಯ ಸೋಂಕು. ತಮಟೆ ಗಟ್ಟಿಯಿದ್ದರೆ ಇದು ಹೊರಗಿನ ನೀರಿನಿಂದ ಬರುವುದಿಲ್ಲ, ಹೆಚ್ಚಾಗಿ ನೆಗಡಿಯಿಂದ ಬರುತ್ತದೆ. ಮೂಗಿನ ಹಿಂಭಾಗದಿಂದ ನಡುಕಿವಿಗೆ ಗಾಳಿ ಸಾಗಿಸುವ ಒಂದು ನಾಳವಿದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡವಾಗಿ ಮಲಗಿರುತ್ತದೆ. ನೆಗಡಿಯ ಸೋಂಕು ಅದರ ಮೂಲಕ ಸಲೀಸಾಗಿ ಕಿವಿ ಮುಟ್ಟುತ್ತದೆ. ಇಲ್ಲಿ ಹಾಲೆ ಎಳೆದರೆ ನೋವಾಗದು. ಜ್ವರ ಇರಬಹುದು, ರಾತ್ರಿ ಜೋರು ನೋವು ಬಂದು ಬೆಳಗ್ಗೆ ಕೀವು ಸೋರಿದ ಮೇಲೆ ನೋವು ಒಮ್ಮೆಲೇ ಇಳಿಯಬಹುದು. ಕೀವು ಹೊರಬಂದಿದೆ ಎಂದರೆ ತಮಟೆ ತೂತಾಗಿದೆ ಎಂದೇ ಅರ್ಥ. ಮಗು ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಹೊಡೆಯುತ್ತದೆಯೇ ಎಂಬುದನ್ನೂ ವೈದ್ಯರಿಗೆ ಹೇಳಿ. ಮೂಗಿನ ಹಿಂದೆ ಅಡಿನಾಯ್ಡ್ ಎಂಬ ಅಂಗಾಂಶ ಬೆಳೆದಿದ್ದರೆ ಕಿವಿಗೆ ಎಷ್ಟು ಔಷಧ ಹಾಕಿದರೂ ತೊಂದರೆ ಮುಗಿಯದು.

ನಮ್ಮ ಭಾಗಕ್ಕೆ ಸಂಬಂಧಿಸಿದ ಇನ್ನೊಂದು ಮಾತು ಇದೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ತೋಟದ ಬಾವಿಗಳಲ್ಲಿ ಮಕ್ಕಳು ದಂಡೆಯ ಮೇಲಿಂದ ಹಾರುತ್ತಾರೆ. ಹಾರುವಾಗ ಮೈ ಓರೆಯಾಗಿ ಕಿವಿಯ ಪಕ್ಕ ನೀರಿಗೆ ಬಡಿದರೆ ತಮಟೆ ಹರಿಯಬಹುದು. ಆ ಕ್ಷಣ ‘ಟಪ್’ ಎಂದು ಸದ್ದು, ನೋವು, ಒಂದು ಹನಿ ರಕ್ತ, ಆಮೇಲೆ ಗುಂಯ್‌ಗುಡುವುದು. ಮಗು ಬೈಗುಳಕ್ಕೆ ಹೆದರಿ ಮನೆಯಲ್ಲಿ ಹೇಳುವುದಿಲ್ಲ. ಇಂಥ ತೂತು ಹೆಚ್ಚಿನ ಪಾಲು ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ಆದರೆ ಒಂದು ಕರಾರು: ಕಿವಿ ಒಣಗಿರಬೇಕು. ಹರಿದ ತಮಟೆಯ ಮೂಲಕ ಬಾವಿಯ ನೀರು ನಡುಕಿವಿಗೆ ಇಳಿದರೆ ವರ್ಷಗಟ್ಟಲೆ ಸೋರುವ ಕಿವಿ ತಯಾರಾಗುತ್ತದೆ. ನಿಮ್ಮ ಮಗಳನ್ನು ಕೂರಿಸಿಕೊಂಡು, ಬೈಯದೆ, ಹಾಗೇನಾದರೂ ಆಗಿತ್ತೇ ಎಂದು ಕೇಳಿ.

ತಮಟೆ ತೂತಾಗಿದೆಯೋ ಇಲ್ಲವೋ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಾದ ತಮಟೆ ದಾಟಿ ಒಳಗೆ ಹೋದರೆ ಒಳಕಿವಿಗೇ ಪೆಟ್ಟಾಗಬಹುದು. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಹನಿಗಳಿಗೆ ಆ ಅಪಾಯವಿಲ್ಲ. ಅಂಗಡಿಯಲ್ಲಿ ಎರಡೂ ಬಗೆಯವು ಸಿಗುತ್ತವೆ, ಬಾಟಲಿಗಳು ಒಂದೇ ಥರ ಇರುತ್ತವೆ. ಮಾತ್ರೆಯ ವಿಷಯವೂ ಹೀಗೆಯೇ. ಬರೀ ಹೊರಕಿವಿಯ ಸೋಂಕಿಗೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಮಾತ್ರೆ ಬೇಕಾಗುವುದೇ ಇಲ್ಲ. ಹನಿಯೇ ಮುಖ್ಯ ಔಷಧ, ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಕೊಳವೆ ಬಾತು ಮುಚ್ಚಿಕೊಂಡಿದ್ದರೆ ವೈದ್ಯರು ಔಷಧ ಹೀರುವ ಸಣ್ಣ ಬತ್ತಿ ಇಟ್ಟು ಅದರ ಮೂಲಕ ಹನಿ ಒಳಗೆ ಇಳಿಸುತ್ತಾರೆ.

ಹನಿ ಹಾಕುವ ರೀತಿಯಲ್ಲೇ ಅರ್ಧ ಚಿಕಿತ್ಸೆ ತಪ್ಪುತ್ತದೆ. ಬಾಟಲಿಯನ್ನು ಮುಷ್ಟಿಯಲ್ಲಿ ಒಂದೆರಡು ನಿಮಿಷ ಹಿಡಿದು ಬೆಚ್ಚಗೆ ಮಾಡಿ. ತಣ್ಣಗಿನ ಹನಿ ಬಿದ್ದರೆ ಮಗುವಿಗೆ ತಲೆ ತಿರುಗುತ್ತದೆ. ಸೋರುವ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿಸಿ. ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದರೆ ಕೊಳವೆ ನೆಟ್ಟಗಾಗುತ್ತದೆ. ಹನಿ ಬಿಟ್ಟ ಮೇಲೆ ಮುಂದಿನ ಆ ಸಣ್ಣ ತುಣುಕನ್ನು ನಾಲ್ಕಾರು ಸಲ ಮೆತ್ತಗೆ ಒತ್ತಿ, ಸಿಕ್ಕಿಕೊಂಡ ಗಾಳಿ ಹೊರಬಂದು ಔಷಧ ಕೆಳಗಿಳಿಯುತ್ತದೆ. ಮೂರರಿಂದ ಐದು ನಿಮಿಷ ಹಾಗೇ ಮಲಗಿರಬೇಕು. ಹನಿ ಹಾಕಿದ ಕೂಡಲೇ ಎದ್ದು ಓಡಿದರೆ ಔಷಧ ಕುತ್ತಿಗೆಗೆ ಹಾಕಿದಂತೆಯೇ. ನೋವು ಎರಡು ದಿನಕ್ಕೆ ನಿಂತರೂ ಬರೆದುಕೊಟ್ಟ ಅವಧಿ, ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಮುಗಿಸಿ.

ಇನ್ನು ಅತ್ತೆಯವರ ಎಣ್ಣೆ. ಅವರ ಕಾಳಜಿ ದೊಡ್ಡದು, ಅದನ್ನು ಹಗುರ ಮಾಡಿ ಮಾತನಾಡುವುದು ಸಲ್ಲ. ನಮ್ಮ ಮನೆಗಳಲ್ಲಿ ಹಬ್ಬದ ಎಣ್ಣೆನೀರಿನ ದಿನ ಕಿವಿಗೆ ಎರಡು ಹನಿ ಬಿಡುವುದು ಹಿಂದಿನಿಂದ ಬಂದ ರೂಢಿ. ಆದರೆ ಸೋರುವ ಕಿವಿಗೆ ಎಣ್ಣೆ ಬೇಡ. ಕಾಸಿದ ಎಣ್ಣೆ ಕಿವಿ ಸುಟ್ಟ ಉದಾಹರಣೆಗಳಿವೆ, ಬೆಳ್ಳುಳ್ಳಿಯ ಚೂರು ಒಳಗೇ ಉಳಿದರೆ ಅದೇ ಇನ್ನೊಂದು ಸೋಂಕಿಗೆ ದಾರಿ, ತಮಟೆ ತೂತಾಗಿದ್ದರೆ ಎಣ್ಣೆ ನೇರ ನಡುಕಿವಿಗೆ. ಜಾತ್ರೆ, ಸಂತೆಗಳಲ್ಲಿ ಸಣ್ಣ ಚಮಚ ಹಿಡಿದು ಗುಗ್ಗೆ ತೆಗೆಯುವವರ ಮುಂದೆ ಮಗುವನ್ನು ಕೂರಿಸುವುದೂ ಬೇಡ. ಈಜುವ ಮಕ್ಕಳಿಗಂತೂ ಗುಗ್ಗೆಯೇ ಆಸ್ತಿ. ಅದು ಗಟ್ಟಿಯಾಗಿ ಕಿವಿ ಮುಚ್ಚಿ, ನೀರು ಅದರ ಹಿಂದೆ ನಿಲ್ಲುತ್ತಿದ್ದರೆ ಮಾತ್ರ ವೈದ್ಯರಿಂದ ತೆಗೆಸಬೇಕು.

ನೀರಿಗೆ ಮತ್ತೆ ಯಾವಾಗ ಇಳಿಯಬೇಕು? ಚಿಕಿತ್ಸೆ ನಡೆಯುವ ಏಳರಿಂದ ಹತ್ತು ದಿನ ತಲೆ ಮುಳುಗಿಸದಿರುವುದು ಒಳ್ಳೆಯದು. ಸ್ಪರ್ಧೆಯ ಈಜುಗಾರರಿಗೆ ಕಿವಿ ತಜ್ಞರು ಸ್ವಲ್ಪ ಸಡಿಲ ಕೊಡುತ್ತಾರೆ: ನೋವು ಪೂರ್ತಿ ಹೋದ ಮೇಲೆ ಸರಿಯಾಗಿ ಕೂರುವ ಇಯರ್‌ಪ್ಲಗ್ ಹಾಕಿಕೊಂಡು ಇಳಿಯಬಹುದು. ತಮಟೆ ತೂತಾಗಿದ್ದರೆ ಈ ಸಡಿಲ ಇಲ್ಲ, ವೈದ್ಯರು ಹೇಳುವವರೆಗೆ ಕಾಯಬೇಕು. ಕಾಯುವ ದಿನಗಳನ್ನು ಮಗು ಮೂಲೆಯಲ್ಲಿ ಅಳುತ್ತ ಕಳೆಯಬೇಕಿಲ್ಲ. ದಂಡೆಯ ಮೇಲೆ ಭುಜ, ಹೊಟ್ಟೆ, ತೊಡೆಯ ಕಸರತ್ತುಗಳಿವೆ. ನೋವು ತಗ್ಗಿ ವೈದ್ಯರು ಒಪ್ಪಿದ ಮೇಲೆ ಕಿಕ್‌ಬೋರ್ಡ್ ಹಿಡಿದು ತಲೆ ಮೇಲಿಟ್ಟೇ ಕಾಲುಬಡಿತ ಮಾಡಿಸಬಹುದು. ಕೋಚ್ ಹತ್ತಿರ ಇದನ್ನು ನೀವೇ ಮಾತಾಡಿ, ಮಗು ಹೇಳಲು ಹಿಂಜರಿಯುತ್ತದೆ. ತಂಡದಿಂದ ಹೊರಗಿಟ್ಟಾರೆಂಬ ಹೆದರಿಕೆಯಲ್ಲಿ ನೋವು ಮುಚ್ಚಿಟ್ಟು ಈಜುವ ಮಕ್ಕಳೇ ಹೆಚ್ಚು ತೊಂದರೆಗೆ ಸಿಗುತ್ತಾರೆ.

ಗುಣವಾದ ಮೇಲಿನ ಕೆಲಸ ಒಂದೇ, ಪ್ರತಿಸಲ ನೀರಿನಿಂದ ಬಂದ ಮೇಲೆ ಕಿವಿ ಒಣಗಿಸುವುದು. ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ ಹಾಲೆಯನ್ನು ಬೇರೆ ಬೇರೆ ದಿಕ್ಕಿಗೆ ಎಳೆದರೆ ನಿಂತ ನೀರು ತಟಕ್ಕನೆ ಇಳಿಯುತ್ತದೆ, ಕಿವಿಯಲ್ಲಿ ಬಿಸಿ ಹರಿದಂತೆ ಆಗುವುದರಿಂದ ಮಗುವಿಗೇ ಗೊತ್ತಾಗುತ್ತದೆ. ಆಮೇಲೆ ಇನ್ನೊಂದು ಮಗ್ಗುಲು. ಒಣ ಟವೆಲ್ಲಿನ ತುದಿಯಿಂದ ಹೊರಗಷ್ಟೇ ಒರೆಸಿ, ಒಳಗೆ ಏನನ್ನೂ ತೂರಿಸಬೇಡಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಒಂದು ಅಡಿ ದೂರದಿಂದ, ಅರ್ಧ ನಿಮಿಷ ಗಾಳಿ ಬಿಡಿ. ಈಜುವಾಗ ಹಾಕುವ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದು ಹಾಕಲು ಕಲಿಸಿ. ತಲೆಗೆ ಎಣ್ಣೆ ಹಚ್ಚಿ ಅದರ ಮೇಲೆ ಟೋಪಿ ಹಾಕಿದರೆ ಎಣ್ಣೆ ಕಿವಿಗೆ ಇಳಿಯುತ್ತದೆ, ಹಾಗಾಗಿ ತರಬೇತಿಯ ದಿನ ಎಣ್ಣೆ ಬೇಡ.

ಇಯರ್‌ಪ್ಲಗ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉತ್ಸಾಹದ್ದಲ್ಲ. ತಮಟೆ ತೂತಾದವರಿಗೆ, ಪದೇ ಪದೇ ಸೋಂಕಾಗುವವರಿಗೆ ಅದು ಉಪಯುಕ್ತ. ಆದರೆ ಗಟ್ಟಿ ಪ್ಲಗ್ ಒಳಚರ್ಮವನ್ನು ಉಜ್ಜಿ ಗಾಯ ಮಾಡುತ್ತದೆ, ಒದ್ದೆ ಪ್ಲಗ್ ಡಬ್ಬಿಯಲ್ಲಿ ಹಾಗೇ ಉಳಿದರೆ ಅದರ ಮೇಲೇ ರೋಗಾಣು ಬೆಳೆಯುತ್ತದೆ. ಮೆತ್ತನೆಯ ಸಿಲಿಕಾನ್‌ನದ್ದು ಅಥವಾ ಕಿವಿಯ ಅಚ್ಚು ತೆಗೆದು ಮಾಡಿದ್ದು ಆಗಬಹುದು, ದಿನವೂ ತೊಳೆದು ಒಣಗಿಸಬೇಕು. ಸ್ಪರ್ಧೆಯ ದಿನವೇ ಮೊದಲ ಸಲ ಹಾಕಿಕೊಳ್ಳುವುದು ಬೇಡ. ಆರಂಭದ ಸದ್ದು ಸರಿಯಾಗಿ ಕೇಳುತ್ತದೋ ಇಲ್ಲವೋ ಎಂದು ಅಭ್ಯಾಸದಲ್ಲೇ ನೋಡಿಕೊಳ್ಳಬೇಕು. ಬರೀ ಹತ್ತಿ ತುರುಕಿ ನೀರಿಗಿಳಿಸುವುದು ಅತಿ ಕೆಟ್ಟ ಪದ್ಧತಿ, ಹತ್ತಿ ನೀರು ಕುಡಿದು ಕಿವಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ತಲೆಸ್ನಾನಕ್ಕೆ ಮಾತ್ರ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಡಬಹುದು.

ಈಜಿದ ಮೇಲೆ ಹಾಕುವ ಹುಳಿ ಹನಿಯೂ ಒಂದಿದೆ. ಶೇಕಡ 2ರ ಅಸಿಟಿಕ್ ಆಮ್ಲದ ದ್ರಾವಣ ಗುಗ್ಗೆಯ ಹುಳಿಗುಣವನ್ನು ಕಿವಿಗೆ ಮರಳಿ ಕೊಡುತ್ತದೆ. ಹೊರದೇಶಗಳಲ್ಲಿ ಬಿಳಿ ವಿನೆಗರ್ ಮತ್ತು ಆಲ್ಕೊಹಾಲನ್ನು ಸಮಸಮ ಬೆರೆಸಿ ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಗಾಯಕ್ಕೆ ಹಚ್ಚಲು ನಮ್ಮಲ್ಲಿ ಸಿಗುವ ಸ್ಪಿರಿಟ್ ಕಿವಿಗೆಂದು ಮಾಡಿದ್ದಲ್ಲ. ವೈದ್ಯರು ತಮಟೆ ಗಟ್ಟಿಯಿದೆ, ಚರ್ಮ ವಾಸಿಯಾಗಿದೆ ಎಂದ ಮೇಲೆ ಅವರಿಂದಲೇ ಬರೆಸಿಕೊಳ್ಳಿ. ಸೋಂಕಿರುವಾಗ, ತೂತಿರುವಾಗ ಇದು ನಿಷಿದ್ಧ.

ನೀರಿನ ವಿಚಾರಕ್ಕೆ ಬರೋಣ. ಈಜುಕೊಳದ ನೀರಿನಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8ರೊಳಗೆ ಇದ್ದರೆ ಸ್ಯೂಡೋಮೊನಾಸ್‌ಗೆ ಬದುಕುವುದು ಕಷ್ಟ. ಪಿಎಚ್ ಏರಿದರೆ ಅಷ್ಟೇ ಕ್ಲೋರಿನ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಬಯಲಿನ ಕೊಳಗಳಲ್ಲಿ ಬಿಸಿಲು ಕ್ಲೋರಿನ್ನನ್ನು ಬೇಗ ಕರಗಿಸುತ್ತದೆ. ಬೇಸಿಗೆ ಶಿಬಿರದ ಗದ್ದಲದಲ್ಲಿ ಬೆಳಗ್ಗೆ ಹಾಕಿದ್ದು ಸಂಜೆಗೆ ಉಳಿದಿರುವುದಿಲ್ಲ. ಕೊಳದ ಹತ್ತಿರ ಕಣ್ಣುರಿಸುವಷ್ಟು ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ಬೆವರು, ಮೂತ್ರದ ಜೊತೆ ಸೇರಿ ಸತ್ವ ಕಳೆದುಕೊಂಡ ಕ್ಲೋರಿನ್ನಿನ ವಾಸನೆ. ದಿನವೂ ಎಷ್ಟು ಸಲ ಪರೀಕ್ಷೆ ಮಾಡುತ್ತೀರಿ, ದಾಖಲೆ ಪುಸ್ತಕ ತೋರಿಸಿ ಎಂದು ಕೇಳುವ ಹಕ್ಕು ಶುಲ್ಕ ಕಟ್ಟಿದ ತಾಯ್ತಂದೆಯರಿಗಿದೆ. ನಾಲ್ಕು ಜನ ಪಾಲಕರು ಕೂಡಿ ಕೇಳಿದರೆ ಆ ಪುಸ್ತಕ ತುಂಬತೊಡಗುತ್ತದೆ.

ಬಾವಿ, ಹೊಳೆಗಳಿಗೆ ಆ ರಕ್ಷಣೆಯೂ ಇಲ್ಲ. ಬಾವಿಯ ನೀರು ತಳದವರೆಗೆ ತಿಳಿಯಾಗಿ ಕಂಡರೂ ರೋಗಾಣುಮುಕ್ತವಲ್ಲ. ಮಳೆ ಬಿದ್ದ ಮರುದಿನಗಳಲ್ಲಿ ಹೊಲದ ಗೊಬ್ಬರ, ಸಗಣಿಯ ರಾಡಿ ಬಾವಿಗೆ ಸೇರುತ್ತದೆ. ಕೃಷ್ಣೆ, ಘಟಪ್ರಭೆಗಳಿಗೆ ಕೆಂಪು ನೀರು ಬಂದ ತಿಂಗಳುಗಳಲ್ಲಂತೂ ಹೊಳೆಗೆ ಇಳಿಯುವುದೇ ತಪ್ಪು, ಕಿವಿಯ ಮಾತು ಆಮೇಲಿನದು. ಅಜ್ಜನ ಬಾವಿಯನ್ನು ಪೂರ್ತಿ ಬಿಡಿಸಿ ಎನ್ನಲು ನನಗೆ ಮನಸ್ಸಿಲ್ಲ, ಆ ಮಗುವಿನ ಈಜು ಹುಟ್ಟಿದ್ದೇ ಅಲ್ಲಿ. ಆದರೆ ಕಿವಿ ಪೂರ್ತಿ ವಾಸಿಯಾಗುವವರೆಗೆ ಬಾವಿ ಬೇಡ. ಅನಂತರವೂ ಎತ್ತರದಿಂದ ಹಾರುವುದು ಬೇಡ, ಮಳೆಗಾಲದ ರಾಡಿ ನೀರು ಬೇಡ.

ನಿಮ್ಮ ಮನೆಯಲ್ಲಿ ಮಗ್ಗಗಳಿವೆ ಎಂದಿರಿ. ಕಿವಿ ಸೋರುವ ಮಕ್ಕಳಲ್ಲಿ ಕೇಳುವ ಶಕ್ತಿ ಮೆಲ್ಲಮೆಲ್ಲಗೆ ಕುಂದುವುದುಂಟು. ಪವರ್‌ಲೂಮ್ ಓಡುವ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಾರೆ, ಆ ಸದ್ದಿನಲ್ಲಿ ಮಗುವಿಗೆ ಕಡಿಮೆ ಕೇಳುತ್ತಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ತರಗತಿಯಲ್ಲಿ ಹಿಂದೆ ಬೀಳುತ್ತಿದ್ದಾಳೆಯೇ, ಟಿವಿ ಹತ್ತಿರ ಹೋಗಿ ಕೂರುತ್ತಾಳೆಯೇ, ಕರೆದರೆ ಎರಡನೆಯ ಸಲಕ್ಕೆ ತಿರುಗುತ್ತಾಳೆಯೇ ಎಂದು ಗಮನಿಸಿ. ಒಂದೂವರೆ ವರ್ಷ ತೊಂದರೆಯಿದ್ದ ಕಿವಿಗೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ಜಮಖಂಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಮುಂದಿನ ಪರೀಕ್ಷೆಗೆ ಬಾಗಲಕೋಟೆಯಲ್ಲಿ, ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗಲೂ ಕಿವಿಯ ವಿಷಯ ಹೇಳಿ, ನಡುಕಿವಿಯ ಸೋಂಕು ಅವರ ತಪಾಸಣೆಯ ಪಟ್ಟಿಯಲ್ಲೇ ಇದೆ. ಕಿವಿಯ ಹಿಂದೆ ಬಾವು ಬಂದು ಹಾಲೆ ಮುಂದಕ್ಕೆ ತಳ್ಳಿದಂತೆ ಕಂಡರೆ, ಜೋರು ಜ್ವರ, ವಾಂತಿ, ತಲೆಸುತ್ತು ಬಂದರೆ, ಮುಖ ಒಂದು ಕಡೆ ವಾಲಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ದೊಡ್ಡ ಸ್ಪರ್ಧೆಗಳಿಗೆ ಹೋಗುವ ಮಗುವಾದ್ದರಿಂದ ಇನ್ನೊಂದು ವಿಷಯ. ವೈದ್ಯರು ಬರೆದ ಸ್ಟೀರಾಯ್ಡ್ ಇರುವ ಕಿವಿಹನಿಗೆ ಉದ್ದೀಪನ ಮದ್ದಿನ ನಿಯಮಗಳಲ್ಲಿ ಅಡ್ಡಿಯಿಲ್ಲ. ಆದರೆ ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ಹೊತ್ತಿಗೆ ಮಿತಿ ಮೀರಿದ್ದರೆ ನಿಷಿದ್ಧ. ಮಾತ್ರೆ ಕೊಡಿಸುವ ಮುನ್ನ ಕೇಳಿ ಕೊಡಿ.

ಅತ್ತೆಯವರು ‘ಹುಡುಗಿ’ ಎಂದು ಒತ್ತಿ ಹೇಳಿದ ಮಾತಿಗೂ ಉತ್ತರ ಕೊಡಬೇಕು. ಕಿವಿಯ ತೊಂದರೆ ಗಂಡುಹುಡುಗರಿಗೂ ಇದೇ ರೀತಿ ಬರುತ್ತದೆ. ಅವರಿಗೆ ಔಷಧ ಕೊಡಿಸುತ್ತೇವೆ, ಹೆಣ್ಣುಮಕ್ಕಳಿಗೆ ಆಟ ಬಿಡಿಸುತ್ತೇವೆ. ಇದು ನ್ಯಾಯವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು ಅವರಿಗೆ ಆಗ ಹದಿನಾಲ್ಕೇ ವರ್ಷ. ನಿಮಗೆ ಹತ್ತಿರದ ಕೊಲ್ಹಾಪುರದ ವೀರಧವಲ ಖಾಡೆ ಹದಿನಾರಕ್ಕೇ, 2008ರಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. ನಿಮ್ಮ ಮಗಳು ಅಷ್ಟು ದೂರ ಹೋಗಲಿ, ಬಿಡಲಿ, ವಾಸಿಯಾಗುವ ಕಾಯಿಲೆಗೆ ಅವಳ ಈಜು ಬಲಿಯಾಗಬಾರದು.

ಬೇಸಿಗೆ ಶಿಬಿರ ಶುರುವಾಗುವ ಮೊದಲೇ ತೋರಿಸಿ, ಎರಡೂ ಕಿವಿ ತೋರಿಸಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕ್ಯಾಮೆರಾ ಇಟ್ಟು ಕಿವಿಯೊಳಗನ್ನು ಟಿವಿ ಪರದೆಯ ಮೇಲೆ ತೋರಿಸುವ ಸೌಕರ್ಯ ಈಗ ಅನೇಕ ಕಡೆ ಇದೆ, ಅವರೂ ಕಣ್ಣಾರೆ ನೋಡಲಿ. ಇದುವರೆಗೆ ಹಾಕಿದ ಹನಿಯ ಬಾಟಲಿಗಳು, ಖಾಲಿಯಾದವು ಸಹ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಇವತ್ತಿನಿಂದಲೇ ಕಿವಿಗೆ ಎಣ್ಣೆ ಬಿಡಬೇಡಿ, ಎಣ್ಣೆ ತುಂಬಿದ ಕಿವಿಯಲ್ಲಿ ತಮಟೆ ಸರಿಯಾಗಿ ಕಾಣುವುದಿಲ್ಲ.